ಬಾಡಿಗೆಯ ರುಮಾಲು ನಮಗೆ ಬೇಡ



ನವೆಂಬರ್ 14 ಮಕ್ಕಳ ದಿನ. ಅಂದು ಪುಟ್ಟ ಮಕ್ಕಳಿಗೆ ವೇಷ ಹಾಕಿ ವೇದಿಕೆ ಹತ್ತಿಸುವುದು ಎಷ್ಟೋ ಶಾಲೆಗಳ ವಾಡಿಕೆ. ವಾಡಿಕೆ ಕೆಟ್ಟದ್ದಲ್ಲ. ಅದರ ಹೆಸರಿನಲ್ಲಿ ಕೂಲಿಕಾರನ ಗಂಟಿಗೆ ಕೈಹಾಕುವುದು ಕೆಟ್ಟದ್ದು. ಇದನ್ನು ಯಾರಾದರೂ ಹೇಳಲೇಬೇಕು.

ನನ್ನ ತಂಗಿಯನ್ನು ಕೊಟ್ಟಿರುವುದು ಆದೋನಿ ಸೀಮೆಗೆ. ಹಿರಿಯರು ಆದವಾನಿ ಎನ್ನುತ್ತಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆಗೆ ಸೇರಿದವು. ಎಷ್ಟೋ ಮನೆಗಳ ಮಾತು ಇಂದಿಗೂ ಕನ್ನಡವೇ. ಅದು ಹತ್ತಿಯ ಸೀಮೆ. ನಮ್ಮ ತೋಟಗಳಲ್ಲಿ ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಹೊತ್ತಿಗೆ ಅಲ್ಲಿ ಹತ್ತಿ ಬಿಡಿಸುವ ಸುಗ್ಗಿ. ಹೊಲದ ಕೆಲಸ ಮುಗಿದರೆ ಕೋಸಿಗಿ, ಕೌತಾಳಂ ಕಡೆಯ ಎಷ್ಟೋ ಸಂಸಾರಗಳು ಮನೆಗೆ ಬೀಗ ಜಡಿದು ಗುಂಟೂರಿನ ಕಡೆ ಮೆಣಸಿನಕಾಯಿ ಕೊಯ್ಯಲು ಹೋಗುತ್ತವೆ.

ಇಂಥ ಮನೆಯ ಮೂರು ವರ್ಷದ ಮಗುವಿಗೆ ಶಾಲೆಯಿಂದ ಚೀಟಿ ಬಂತು: ರೈತನ ವೇಷ ಹಾಕಿಸಿ ಕಳುಹಿಸಿ, ಅಂಗಡಿಯದೇ ಆಗಿರಲಿ, ಮನೆಯಲ್ಲಿ ಹೊಲಿದದ್ದು ಚೆನ್ನಾಗಿ ಕಾಣುವುದಿಲ್ಲ. ಬಾಡಿಗೆ, ನನ್ನ ತಂಗಿಯ ಒಂದು ದಿನದ ಕೂಲಿಗಿಂತ ಹೆಚ್ಚು. ಮೇಲೆ ಮುಂಗಡ ಬೇರೆ. ಬಂದದ್ದೇನು? ಪಾಲಿಯೆಸ್ಟರ್ ಪಂಚೆ, ಅಂಟಿಸಿದ ರುಮಾಲು, ಪ್ಲಾಸ್ಟಿಕ್ ಕುಡುಗೋಲು. ಕತ್ತಿನ ಹತ್ತಿರ ಚುಚ್ಚಿ ಮಗು ವೇದಿಕೆಯ ಮೇಲೆ ಅತ್ತಿತು. ಗೇಟಿನ ಹೊರಗೆ ನಿಂತಿದ್ದ ಅದರ ಅಜ್ಜನ ತಲೆಯಲ್ಲಿ ನಿಜವಾದ ರುಮಾಲಿತ್ತು. ರೈತನ ಮೊಮ್ಮಗನಿಗೆ ರೈತನ ವೇಷವನ್ನು ಬಾಡಿಗೆಗೆ ಕೊಡುವ ಲೋಕ ಇದು! ಹತ್ತಿ ಬಿಡಿಸಿದ ಕೈಯೇ ಪಾಲಿಯೆಸ್ಟರಿಗೆ ದುಡ್ಡು ಎಣಿಸಬೇಕೆ?

ದೊಡ್ಡ ದೇಶಗಳಲ್ಲಿಯೂ ಇದೇ ಕಥೆ. ಅಮೆರಿಕ, ಬ್ರಿಟನ್ನುಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಮಕ್ಕಳು ವೇಷ ಹಾಕುತ್ತಾರೆ. ಹಿಂದೆ ತಾಯಂದಿರು ಹಳೆಯ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಈಗ ಅಂಗಡಿಯ ಡಬ್ಬಿಯಿಂದ ತೆಗೆಯುತ್ತಾರೆ. 2014ರ ಆ ರಾತ್ರಿ ಬ್ರಿಟನ್ನಿನಲ್ಲಿ ಒಂದು ಮಗುವಿನ ಅಂಗಡಿಯ ಉಡುಪಿಗೆ ಮೇಣದಬತ್ತಿಯ ಬೆಂಕಿ ತಗುಲಿ ಮೈ ಸುಟ್ಟಿತು. ಅಲ್ಲಿಯ ಕಾನೂನು ವೇಷವನ್ನು ಆಟಿಕೆಯೆಂದು ಎಣಿಸುತ್ತಿತ್ತು. ಮಕ್ಕಳ ರಾತ್ರಿಯುಡುಪಿಗೆ ಇದ್ದಷ್ಟು ಬಿಗಿಯಾದ ಬೆಂಕಿಯ ಪರೀಕ್ಷೆ ಅದಕ್ಕೆ ಇರಲಿಲ್ಲವೆಂಬುದು ಆಗ ಜನರಿಗೆ ತಿಳಿಯಿತು. ಪಾಲಿಯೆಸ್ಟರ್ ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆ ಕರಗದು, ಆದರೆ ಅದೂ ಉರಿಯುತ್ತದೆ. ಯಾವ ವೇಷವಾದರೂ ದೀಪದಿಂದ ದೂರವಿರಲಿ.

ಮನೆಯಲ್ಲಿ ಹೊಲಿಯುವುದು ಕಷ್ಟವೇನಲ್ಲ. ಒಗೆದು ಒಗೆದು ಮೆತ್ತಗಾದ ಹಳೆಯ ನೂಲಿನ ಸೀರೆ ಸಾಕು. ಹುಲಿಯಾಗಬೇಕೇ? ಬಿಳಿ ತುಂಡನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿ, ಹಳೆಯ ಕಪ್ಪು ಲಂಗದ ಪಟ್ಟೆಗಳನ್ನು ಹೊಲಿಯಿರಿ. ಮೈಗೆ ಹೋಲಿಸಿದರೆ ಪುಟ್ಟ ಮಕ್ಕಳ ತಲೆ ದೊಡ್ಡದು. ಆದ್ದರಿಂದ ಬೆನ್ನು ತೆರೆದಿರಲಿ, ಗುಂಡಿ ಹಿಂದೆ ಇರಲಿ. ಕತ್ತಿಗೆ ದಾರ ಕಟ್ಟಬೇಡಿ, ಉರುಳಾದೀತು. ಮಣಿ ಬೇಡ, ನುಂಗೀತು. ಪಿನ್ನು ಬೇಡ, ಹೊಲಿಗೆ ಹಾಕಿ. ಮುಖವಾಡ ಬೇಡ, ಕಣ್ಣು ಮುಚ್ಚೀತು. ಅಂಚು ಕಣಕಾಲಿಗಿಂತ ಮೇಲಿರಲಿ, ಎಡವೀತು. ಎರಡು ಸಂಜೆಯ ಕೆಲಸ. ಹಬ್ಬ ಮುಗಿದರೆ ಅದೇ ಮಲಗುವ ಅಂಗಿ.

ಇಡೀ ದಿನ ದುಡಿದು ಬಂದ ಹೆಂಗಸಿಗೆ ಇನ್ನೊಂದು ದುಡಿಮೆಯೇ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆದರೆ ಸೂಜಿ ಹೆಂಗಸಿನ ಕೈಗೆ ಮಾತ್ರ ಬಗ್ಗುವುದೆಂದು ಯಾರು ಹೇಳಿದರು? ಪೇಟೆಯ ದರ್ಜಿಗಳಲ್ಲಿ ಗಂಡಸರಿಲ್ಲವೇ? ಅಪ್ಪನೂ ಗುಂಡಿ ಹಾಕಲಿ. ಲೈನಿನಲ್ಲಿ ಒಂದು ಮನೆಗೆ ಯಂತ್ರವಿದ್ದರೆ ನಾಲ್ಕು ಮನೆಗಳು ಕೂಡಿ ಹೊಲಿಯಲಿ.

ಮನೆಯ ಹೊಲಿಗೆ ನಾಚಿಕೆ ಎನ್ನುವವರಿಗೆ ಒಂದು ಮಾತು. ಸಮುವೇಲನ ತಾಯಿ ಹನ್ನಳು ವರ್ಷವರ್ಷವೂ ಮಗನಿಗೆ ಚಿಕ್ಕ ಅಂಗಿ ಮಾಡಿಕೊಂಡು ಹೋಗುತ್ತಿದ್ದಳೆಂದು ಸತ್ಯವೇದದಲ್ಲಿದೆ. ಆ ಅಂಗಿಯನ್ನು ನೋಡಿ ದೇವಾಲಯದಲ್ಲಿ ಯಾರೂ ನಕ್ಕರೆಂದು ಬರೆದಿಲ್ಲ.

ಆದ್ದರಿಂದ ಪೋಷಕರ ಸಭೆಯಲ್ಲಿ ಎದ್ದುನಿಂತು ಮೂರು ಮಾತು ಕೇಳೋಣ. ವೇಷದ ಸುದ್ದಿ ಹದಿನೈದು ದಿನ ಮೊದಲೇ ಬರಲಿ. ಬಾಡಿಗೆ ವೇಷದ ಕಡ್ಡಾಯ ನಿಲ್ಲಲಿ. ಅಳುವ ಮಗುವನ್ನು ವೇದಿಕೆಗೆ ಎಳೆಯದಿರಲಿ. ಒಬ್ಬರೇ ಕೇಳಿದರೆ ಜಗಳಗಂಟರು ಎನ್ನುತ್ತಾರೆ. ಇಡೀ ಲೈನು ಕೇಳಿದರೆ ಕಿವಿಗೊಡುತ್ತಾರೆ. ಈ ಸಲ ನನ್ನ ತಂಗಿಯ ಮಗ ಅಜ್ಜನ ರುಮಾಲನ್ನೇ ಸುತ್ತಿಕೊಂಡು ಹೋಗುತ್ತಾನೆ. ಬೇಡವೆನ್ನುವವರು ಅಜ್ಜನ ಎದುರಿಗೇ ಬಂದು ಹೇಳಲಿ.