ದುಡಿಯೋಕೆ ದೊಡ್ಡವಳು

57 ಸುರಂಗ ಕೊರೆದು ಸಕಲೇಶಪುರದ ಘಟ್ಟದಲ್ಲಿ ರೈಲು ಇಳಿಸಿದವರಿಗೆ, ಇದೇ ಘಟ್ಟದ ಮಗುವೊಂದು ಅಪ್ಪನ ಏಟಿನಿಂದ ಪಾರಾಗಲು ಒಂದು ದಾರಿ ಮಾಡಿಕೊಡಲು ಆಗಲಿಲ್ಲ. ಘಟ್ಟದ ನಡುವಿನ ಎಡಕುಮೇರಿಯಲ್ಲಿ ಗೂಡ್ಸ್ ಗಾಡಿ ನಿಲ್ಲುತ್ತದೆ. ನ್ಯಾಯ ನಿಲ್ಲುವುದು ಜಿಲ್ಲಾ ಕೇಂದ್ರವಾದ ಹಾಸನದಲ್ಲಿ.

ಸಕಲೇಶಪುರದ ಯಾವುದೋ ಕಾಫಿ ತೋಟದ ಕೂಲಿ ಲೈನ್ ಮನೆಯಲ್ಲಿ ಹದಿನೈದರ ಹುಡುಗಿಯೊಬ್ಬಳಿದ್ದಾಳೆ ಅನ್ನಿ. ಅಪ್ಪ ಕುಡಿದು ಬಡಿಯುತ್ತಾನೆ. ಅವಳು ಹಣ್ಣು ಕುಯ್ದ ಕೂಲಿ ತೋಟದ ಲೆಕ್ಕ ಬರೆಯುವ ರೈಟರ ಕೈಯಿಂದ ನೆಟ್ಟಗೆ ಅಪ್ಪನ ಜೇಬಿಗೆ. ಅವಳಿಗೆ ಈ ಅಪ್ಪ ಬೇಡ. ಈ ದೇಶದ ಯಾವ ಕೋರ್ಟು ತಾನೇ ‘ನೀನಿನ್ನು ಅವನ ಹಂಗಿನಲ್ಲಿಲ್ಲ’ ಎಂದು ಬರೆದುಕೊಟ್ಟೀತು? ಕ್ಯಾಲಿಫೋರ್ನಿಯಾದಲ್ಲಾದರೆ 14 ತುಂಬಿ, ಹೆತ್ತವರ ತಕರಾರಿಲ್ಲದೆ ಬೇರೆ ಇದ್ದು, ತನ್ನ ಖರ್ಚು ತಾನೇ ನೋಡಿಕೊಳ್ಳುವ ಮಗು ಕೋರ್ಟಿಗೆ ಅರ್ಜಿ ಕೊಡಬಹುದು. ನಮ್ಮಲ್ಲಿ 1875ರ ವಯಸ್ಕತೆ ಕಾಯ್ದೆಯ ಹದಿನೆಂಟೇ ಗಡಿ. 1890ರ ಪೋಷಕರ ಕಾಯ್ದೆಯಲ್ಲಿ ಪೋಷಕರನ್ನು ನೇಮಿಸಿ ಎಂದು ನೆಂಟರು ಅರ್ಜಿ ಹಾಕಬಹುದು, ಸ್ನೇಹಿತರು ಹಾಕಬಹುದು, ಜಿಲ್ಲಾಧಿಕಾರಿ ಹಾಕಬಹುದು. ಆ ಪಟ್ಟಿಯಲ್ಲಿ ಮಗುವಿನ ಹೆಸರೇ ಇಲ್ಲ! ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನು ಜಡ್ಜ್ ಗಣನೆಗೆ ತೆಗೆದುಕೊಳ್ಳಬಹುದಂತೆ. ಬಹುದು, ಅಷ್ಟೇ.

ಹಾಗಂತ ಕಾನೂನಿಗೆ ಇವಳು ಯಾವಾಗಲೂ ಮಗುವಲ್ಲ. 14 ದಾಟಿದವಳು ಅಪಾಯದ್ದಲ್ಲದ ಕೆಲಸ ಮಾಡಲು ಬಾಲಕಾರ್ಮಿಕ ಕಾಯ್ದೆಯ ಅಡ್ಡಿಯಿಲ್ಲ. 16 ತುಂಬಿದ ಹುಡುಗ ಘೋರ ಅಪರಾಧ ಮಾಡಿದನೆಂದರೆ 2015ರ ಬಾಲನ್ಯಾಯ ಕಾಯ್ದೆ ಅವನನ್ನು ದೊಡ್ಡವರಂತೆ ವಿಚಾರಣೆಗೆ ನಿಲ್ಲಿಸಬಲ್ಲದು. ದುಡಿಸಲು, ದಂಡಿಸಲು ದೊಡ್ಡವರು. ಒಂದು ಬಾಡಿಗೆ ಕೋಣೆಯ ಕರಾರಿಗೆ ಸಹಿ ಹಾಕಹೋದರೆ ಮಾತ್ರ ಹಸುಗೂಸು. ಅಪ್ರಾಪ್ತರ ಕರಾರು ಕರಾರೇ ಅಲ್ಲವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಷರಾ ಬರೆದಿದೆ.

ಒಂದು ಬಾಗಿಲು ಇದೆ, ಸುಳ್ಳು ಹೇಳಬಾರದು. ಅದೇ ಬಾಲನ್ಯಾಯ ಕಾಯ್ದೆಯ 31ನೇ ಕಲಂ ಪ್ರಕಾರ ಮಗು ತಾನೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ನಿಲ್ಲಬಹುದು. ವಕೀಲರು ಬೇಡ, ಅಪ್ಪನ ಸಹಿ ಬೇಡ. ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗುವನ್ನು ಬಾಲಮಂದಿರಕ್ಕೋ ಬೇರೆ ಯೋಗ್ಯ ಕುಟುಂಬಕ್ಕೋ ಒಪ್ಪಿಸಬಹುದು. ಆದರೆ ಈ ಕಾಡಿನಂಚಿನಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ ಚಾರ್ಜನ್ನು ಯಾರ ಜೇಬಿನಿಂದ ಕದಿಯಬೇಕು? ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು ಎನ್ನುತ್ತಾರೆ, ಫೋನು ಅಪ್ಪನದು. ಹೇಗೋ ತಲುಪಿದಳೇ ಅನ್ನಿ, ಮಗುವನ್ನು ಆದಷ್ಟು ಬೇಗ ಮನೆಯವರ ಜತೆ ಸೇರಿಸಬೇಕೆಂಬುದೂ ಅದೇ ಕಾಯ್ದೆಯ ತತ್ವ. ಯಾವ ಮನೆಗೆ, ಸ್ವಾಮಿ?

ಅಪ್ಪನಿಂದ ಬಿಡುಗಡೆಗೆ ಸಮಾಜಕ್ಕೆ ಗೊತ್ತಿರುವ ದಾರಿ ಒಂದೇ, ತಾಳಿ. 1956ರ ಹಿಂದೂ ಅಪ್ರಾಪ್ತತೆ ಕಾಯ್ದೆಯ 6ನೇ ಕಲಂ ಓದಿ: ಮದುವೆಯಾದ ಅಪ್ರಾಪ್ತ ಹುಡುಗಿಗೆ ಗಂಡನೇ ಪೋಷಕ! ಒಬ್ಬ ಯಜಮಾನ ಇನ್ನೊಬ್ಬನಿಗೆ ಚಾರ್ಜ್ ಕೊಟ್ಟ ಹಾಗೆ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ ತಿದ್ದುಪಡಿ ತಂದು ಬೆನ್ನು ತಟ್ಟಿಕೊಂಡಿತು. ಹಾಗಾದರೆ ಮದುವೆಯೇ ಆಗದವನು ಪೋಷಕನಾಗುವುದು ಹೇಗೆಂದು ಬೆಂಗಳೂರು ದೆಹಲಿಯನ್ನು ಕೇಳಬೇಕಲ್ಲ.

ಗಂಡನೇ ಪೋಷಕ ಎಂಬ ಆ ಸಾಲು ಮೊದಲು ಹೋಗಲಿ. ತನ್ನ ಕೂಲಿ ತನ್ನದೇ ಖಾತೆಗೆ ಬರಲಿ. ಹದಿನಾರಕ್ಕೆ ಕಟಕಟೆ ಹತ್ತಿಸಬಲ್ಲ ಸರ್ಕಾರ, ಹದಿನಾರಕ್ಕೆ ಬಿಡುಗಡೆಯ ಅರ್ಜಿಯನ್ನೂ ಇಸಿದುಕೊಳ್ಳಲಿ. ಕಲ್ಯಾಣ ಸಮಿತಿ ಹಾಸನ ಬಿಟ್ಟು ಸಂತೆ ದಿನ ಸಕಲೇಶಪುರಕ್ಕೂ ಆಲೂರಿಗೂ ಬಂದು ಕೂರಲಿ, ಅಪ್ಪಂದಿರು ಪೇಟೆಗೆ ಹೋಗಿರುವ ಹೊತ್ತಿಗೆ.