700 ಅಂದ್ರೆ ನೂರಕ್ಕೆ ಎಪ್ಪತ್ತಲ್ಲ: ಐಟಿ ಪರೀಕ್ಷೆಯ ಅಂಕದ ಲೆಕ್ಕ

ಸುದ್ದಗುಂಟೆಪಾಳ್ಯ: ಪಿಜಿಯಲ್ಲಿದ್ದು ಐಟಿ ಕೆಲಸ ಹುಡುಕುವವರು ಸರ್ಟಿಫಿಕೇಟ್ ಪರೀಕ್ಷೆಗೆ ಸಾವಿರಾರು ರೂಪಾಯಿ ಕಟ್ಟುತ್ತಾರೆ. ಫೇಲಾದರೆ ಮತ್ತೆ ಫೀಸು. ಅದಕ್ಕೇ ಅಂಕದ ಲೆಕ್ಕ ಗೊತ್ತಿರಬೇಕು.

ಮೈಕ್ರೋಸಾಫ್ಟ್ ಟೆಕ್ನಿಕಲ್ ಪರೀಕ್ಷೆ ಪಾಸಾಗಲು 1000ಕ್ಕೆ 700 ಬೇಕು. ಹಾಗಂತ ನೂರಕ್ಕೆ ಎಪ್ಪತ್ತು ಸರಿ ಉತ್ತರ ಸಾಕು ಅಂತಲ್ಲ. ಎಲ್ಲರಿಗೂ ಅದೇ ಪ್ರಶ್ನೆಗಳು ಬರಲ್ಲ. ಪತ್ರಿಕೆ ಕಷ್ಟ ಇದ್ದರೆ ಕಡಿಮೆ ಸರಿ ಉತ್ತರಕ್ಕೂ 700 ಸಿಗುತ್ತೆ, ಸುಲಭ ಇದ್ದರೆ ಹೆಚ್ಚು ಬೇಕು.

ಅಮೆಜಾನ್‌ನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೂ 700 ಬೇಕು, ಆದರೆ ಅಲ್ಲಿ ಅಂಕ ಶುರುವಾಗೋದೇ 100ರಿಂದ. 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವಿಲ್ಲ, ಅವು ಯಾವುವು ಅಂತಲೂ ಹೇಳಲ್ಲ.

ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಹಾಗಾಗಿ ಖಾಲಿ ಬಿಡಬೇಡಿ. ಮಾಕ್ ಟೆಸ್ಟ್‌ನಲ್ಲಿ ಎಪ್ಪತ್ತು ಬಂತು ಅಂತ ಫೀಸು ಕಟ್ಟಬೇಡಿ.