ಪೊಲೀಸರಿಗೆ ಹೇಳಿದ್ದು ಯಾರು?

ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ ನಾವು ಆರು ಮಂದಿ ಪ್ರಶಿಕ್ಷಣಾರ್ಥಿಗಳು ಬಾಲ್ಯವಿವಾಹದ ಬಗ್ಗೆ ಒಂದು ನಾಟಕ ಆಡಿದೆವು. ಕೊನೆಗೆ ಪೊಲೀಸರು ಬಂದು ಮದುವೆ ನಿಲ್ಲಿಸಿದರು, ಅಪ್ಪ ತಪ್ಪೊಪ್ಪಿಕೊಂಡ, ನಾವು ಘೋಷಣೆ ಕೂಗಿದೆವು. ಒಳ್ಳೆಯ ಚಪ್ಪಾಳೆ ಬಿತ್ತು. ಸಾಮಾನು ಕಟ್ಟುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ಮಿಸ್, ಪೊಲೀಸರಿಗೆ ಹೇಳಿದ್ದು ಯಾರು?" ಎಂದಳು. "ಯಾರೋ ಹೇಳಿರ್ತಾರೆ" ಎಂದು ನಕ್ಕು ಪೆಟ್ಟಿಗೆ ಮುಚ್ಚಿದೆ. ರಾತ್ರಿ ಆ ಪ್ರಶ್ನೆ ಕಾಡಿತು. ಮರುದಿನ ಅವಳ ತರಗತಿ ಶಿಕ್ಷಕಿಗೆ ವಿಷಯ ತಿಳಿಸಿದೆ.

2014ರ ಎನ್‌ಸಿಟಿಇ ಚೌಕಟ್ಟಿನ ನಂತರ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಬಿ.ಇಡ್. ಪಠ್ಯಕ್ರಮದ ಭಾಗವಾಗಿದೆ. ನಾವು ಅದರಲ್ಲಿ ಧ್ವನಿ, ಚಲನೆ, ರಂಗಸಜ್ಜಿಕೆ ಕಲಿಯುತ್ತೇವೆ. ಸಾಮಾಜಿಕ ಬದಲಾವಣೆ ಎಂದರೆ ಕೊನೆಯಲ್ಲಿ ಹೇಳುವ ಸಂದೇಶ ಎಂದುಕೊಂಡಿದ್ದೇವೆ. ಸಂದೇಶ ನಮ್ಮ ಮಕ್ಕಳಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು, ಅದನ್ನು ಮನೆಯೊಳಗೆ ಮಾಡುವುದು ಹೇಗೆ ಎಂಬುದು.

ಎಪ್ಪತ್ತರ ದಶಕದಲ್ಲಿ 'ಸಮುದಾಯ' ತಂಡವು 'ಬೆಲ್ಚಿ'ಯಂಥ ಬೀದಿನಾಟಕಗಳ ಮೂಲಕ ರಂಗಭೂಮಿಯನ್ನು ಜನರಿದ್ದಲ್ಲಿಗೆ ಒಯ್ದಿತು. ಬ್ರೆಜಿಲ್‌ನ ಅಗಸ್ಟೋ ಬೋಆಲ್ ನೋಡುವವರನ್ನೇ ರಂಗಕ್ಕೆ ಕರೆದರು. ಅವರ 'ಫೋರಂ ಥಿಯೇಟರ್'ನಲ್ಲಿ ಕಥೆ ಸೋಲಿನಲ್ಲಿ ನಿಲ್ಲುತ್ತದೆ. ಮತ್ತೆ ಆಡುವಾಗ ಪ್ರೇಕ್ಷಕರಲ್ಲಿ ಒಬ್ಬರು "ನಿಲ್ಲಿಸಿ" ಎಂದು ಹೇಳಿ, ದಬ್ಬಾಳಿಕೆಗೆ ಒಳಗಾದ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಹುಡುಕುತ್ತಾರೆ. ಉಳಿದ ಪಾತ್ರಗಳು ಸುಲಭವಾಗಿ ಸೋಲುವುದಿಲ್ಲ. ಇದನ್ನು ನಡೆಸಿಕೊಡುವವರಿಗೆ 'ಜೋಕರ್' ಎಂದು ಹೆಸರು. ಪರಿಹಾರ ಮಾಯಾಮಂತ್ರದಂತೆ ಕಂಡರೆ ಅವರು ಅದನ್ನು ಪ್ರೇಕ್ಷಕರ ಮುಂದಿಟ್ಟು ಪ್ರಶ್ನಿಸುತ್ತಾರೆ. ಪಶ್ಚಿಮ ಬಂಗಾಳದ 'ಜನಸಂಸ್ಕೃತಿ' ತಂಡ ಹಳ್ಳಿಗಳಲ್ಲಿ ಈ ವಿಧಾನವನ್ನು ಬಳಸುತ್ತ ಬಂದಿದೆ.

ಮುಂದಿನ ವಾರ ನಾವು ಪೊಲೀಸರ ದೃಶ್ಯ ತೆಗೆದು ಮತ್ತೆ ಆಡಿದೆವು. ಒಬ್ಬ ಹುಡುಗ ಎದ್ದು ಬಂದು "1098ಕ್ಕೆ ಫೋನ್ ಮಾಡ್ತೀನಿ" ಎಂದ. ಅಜ್ಜಿಯ ಪಾತ್ರಧಾರಿ "ಫೋನ್ ಯಾರ ಹತ್ರ ಇದೆ?" ಎಂದಳು. ಇನ್ನೊಬ್ಬಳು ಶಿಕ್ಷಕರಿಗೆ ಹೇಳುವುದಾಗಿ ಅಂದಳು. ಶಾಲೆ ಬಿಡಿಸಿದ ಮೇಲೆ ಹೇಗೆ ಹೇಳುವುದು ಎಂಬ ಮಾತು ಬಂತು. ನಲವತ್ತು ನಿಮಿಷದ ಅವಧಿ ಸಾಲಲಿಲ್ಲ. ಚಪ್ಪಾಳೆ ಕಡಿಮೆ, ಮಾತು ಹೆಚ್ಚು.

ಇದರಲ್ಲಿ ಅಪಾಯವೂ ಇದೆ. ಎಲ್ಲರೆದುರು ಒಂದು ಮಗುವಿನ ಮನೆಯ ಸಂಗತಿ ಬಯಲಾಗಬಹುದು. ಆದ್ದರಿಂದ "ನಿಮ್ಮ ಮನೆಯಲ್ಲಿ ಏನಾಗುತ್ತದೆ?" ಎಂದು ಯಾರನ್ನೂ ಕೇಳಕೂಡದು, ಚರ್ಚೆ ಪಾತ್ರದ ಸುತ್ತಲೇ ಇರಬೇಕು. ನಾಟಕ ಮುಗಿದ ಮೇಲೆ ಒಬ್ಬಂಟಿಯಾಗಿ ಬಂದು ಮಾತಾಡುವ ಮಗುವಿಗೆ ಸಮಯ ಕೊಡಲು ಒಬ್ಬರು ಶಿಕ್ಷಕರು ಅಲ್ಲಿರಬೇಕು. ಇದನ್ನೆಲ್ಲ ನಮಗೆ ಯಾರಾದರೂ ಕಲಿಸಬೇಕು. ಅಭಿನಯಕ್ಕಿಂತ ಕಷ್ಟದ ಕೌಶಲ ಇದು.

ನಾಟಕ ಕಲಿಸುವ ನಮ್ಮ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಆಂತರಿಕ ಮೌಲ್ಯಮಾಪನದಲ್ಲಿ ಅರ್ಧ ಅಂಕವನ್ನು ಪ್ರದರ್ಶನಕ್ಕೆ ಕೊಡಿ, ಉಳಿದ ಅರ್ಧವನ್ನು ಚರ್ಚೆ ನಡೆಸುವುದಕ್ಕೆ ಕೊಡಿ. ಮಕ್ಕಳು ಕೇಳಬಹುದಾದ ಪ್ರಶ್ನೆಗಳನ್ನು ಪಾಠಯೋಜನೆಯಲ್ಲೇ ಬರೆಸಿ. ಹಾಗೆ ಬರೆದಿದ್ದರೆ, ಆ ಹುಡುಗಿ ಕೇಳಿದಾಗ ನಾನು ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. "ಕೂತ್ಕೋಮ್ಮ, ಯಾಕೆ ಕೇಳಿದೆ?" ಎನ್ನುತ್ತಿದ್ದೆ.